ಮಿಸ್ಡ್ ಕಾಲಿಗೆ ತೆರೆಯುವ ಗೇಟು ಮತ್ತು ಅಪ್ಪನ ಹಿತ್ತಾಳೆ ಬೀಗ

ನನ್ನ ಕೈಗುಣವೇ ಹಾಗೋ ಏನೋ, ಕಾವಲಿಗೆಂದು ನಾನು ಯಾರ ಮನೆಗೆ ಏನು ಕೂರಿಸಿ ಬಂದರೂ ಅದು ಸ್ವಲ್ಪ ದಿನದಲ್ಲೇ ಬೇಡದವರಿಗೆ ಬಾಗಿಲು ತೆಗೆದುಕೊಟ್ಟಿರುತ್ತಿತ್ತು. ಬೇರೆಯವರಾಗಿದ್ದರೆ ತಲೆಯ ಮೇಲೆ ಕೈ ಹೊತ್ತು ಕೂರುತ್ತಿದ್ದರು. ನನಗೆ ಗಿರಾಕಿಯ ಬೈಗುಳ ಮುಗಿಯುವ ಮೊದಲೇ ಇದು ಹೇಗಾಯಿತು ಎಂಬ ಕುತೂಹಲ ಹುಟ್ಟಿ, ಸ್ಕ್ರೂಡ್ರೈವರ್ ಹಿಡಿದು ಡಬ್ಬ ಬಿಚ್ಚಲು ಕೂರುತ್ತಿದ್ದೆ. ಅದನ್ನು ನೋಡಿ ಅವರು ಇನ್ನೊಂದು ಸುತ್ತು ಬೈಯುತ್ತಿದ್ದರು.

ತೊಂಬತ್ತರ ದಶಕದ ನಡುವೆ ಮುಳಬಾಗಿಲಿನ ಬಸ್ ಸ್ಟ್ಯಾಂಡ್ ಹತ್ತಿರ ನನ್ನ ಅಂಗಡಿ ಶುರುವಾಯಿತು. ಸೈರನ್ನು, ತಂತಿಯಿಲ್ಲದ ಕಾಲಿಂಗ್ ಬೆಲ್ಲು, ನಂಬರ್ ಒತ್ತಿದರೆ ಸುಮ್ಮನಾಗುವ ಅಲಾರಂ, ಆಮೇಲೆ ಫೋನಿನಿಂದ ನಡೆಯುವ ಮೋಟರು, ಗೇಟು, ಹೀಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಏನು ಹೊಸದು ಬಂದರೂ ತಂದು ಇಟ್ಟುಕೊಳ್ಳುತ್ತಿದ್ದೆ. ಊರಿಗೆಲ್ಲ ಮಾರಿದೆ. ಮಾರಲಾಗದೆ ಉಳಿದದ್ದು ಒಂದೇ ಮನೆ, ಅದು ನಮ್ಮ ಮನೆ.

ನಮ್ಮಪ್ಪ ಪುರೋಹಿತರು. ನಮ್ಮ ಬಾಗಿಲಿಗೆ ತೆಂಗಿನಕಾಯಿ ಗಾತ್ರದ ಹಿತ್ತಾಳೆ ಬೀಗ. ಅದರ ಕೈ ಅಪ್ಪನ ಜನಿವಾರದಲ್ಲಿ ಕಟ್ಟಿರುತ್ತಿತ್ತು, ಸ್ನಾನಕ್ಕೂ ಬಿಚ್ಚುತ್ತಿರಲಿಲ್ಲ. "ಇದನ್ನ ಸಂತೇಲಿ ತಂದಾಗ ನೀನು ಹುಟ್ಟೇ ಇರಲಿಲ್ಲ. ಇವತ್ತಿಗೂ ಒಂದು ಚಮಚ ಕಳುವಾಗಿಲ್ಲ ಕಣೋ," ಎನ್ನುತ್ತಿದ್ದರು. ಅದು ಸುಳ್ಳೂ ಅಲ್ಲ. ನಾವೆಲ್ಲ ಬೀಗ ಹಾಕಿಕೊಂಡು ವಾರಗಟ್ಟಲೆ ತಿರುಪತಿ, ಕಾಳಹಸ್ತಿ ಎಂದು ಸುತ್ತಿ ಬಂದರೂ ಒಳ ಅಂಗಳದ ತುಳಸಿ ಕೂಡ ಬಾಡಿರುತ್ತಿರಲಿಲ್ಲ. "ನೋಡು, ಬೀಗ ಭದ್ರವಾಗಿದ್ರೆ ಮನೆ ಹೇಗಿರುತ್ತೆ," ಎಂದು ಅಪ್ಪ ತುಳಸಿಯನ್ನು ತೋರಿಸುತ್ತಿದ್ದರು. ಅಮ್ಮ ಏನೂ ಹೇಳದೆ ಅಡುಗೆಮನೆಗೆ ಹೋಗುತ್ತಿದ್ದಳು. ನಾನು ಅದನ್ನು ಗಮನಿಸಬೇಕಿತ್ತು.

ನಮ್ಮ ಬಾಗಿಲಿಗೆ ನನ್ನದೊಂದು ಡಬ್ಬ ಹಾಕಬೇಕು ಎಂಬುದು ನನ್ನ ಆಸೆ. ಸ್ವಂತ ಅಪ್ಪನೇ ನಂಬದ ಸಾಮಾನನ್ನು ಊರವರಿಗೆ ಮಾರುವುದು ನನಗೆ ನಿಜವಾಗಿಯೂ ನೋವಿನ ಸಂಗತಿಯಾಗಿತ್ತು. ಅಪ್ಪ ಒಂದು ಕರಾರು ಹಾಕಿದರು. "ಯಾರೂ ಮೋಸ ಮಾಡಕ್ಕಾಗ್ದಿರೋ ಒಂದೇ ಒಂದು ಕೆಲಸ ಮಾಡಿ ತೋರಿಸು. ಅವತ್ತೇ ಈ ಜನಿವಾರದಿಂದ ಬೀಗದ ಕೈ ಬಿಚ್ಚಿ ನಿನ್ನ ಕೈಗೆ ಕೊಡ್ತೀನಿ."

ಸುಲಭ ಎಂದುಕೊಂಡೆ.

ಮಾಲೂರಿನ ಬೆಲ್ಲು

ಮಾಲೂರಿನ ಒಂದು ಬೀದಿಯಲ್ಲಿ ಸಾಲಾಗಿ ಮೂರು ಮನೆಗೆ ತಂತಿಯಿಲ್ಲದ ಬೆಲ್ಲು ಹಾಕಿದೆ. ಗೇಟಿನಲ್ಲಿ ಗುಂಡಿ, ನಡುಮನೆಯಲ್ಲಿ ಗಿಣಿ ಕೂಗುವ ಡಬ್ಬ. ಮೂರೂ ಒಂದೇ ಪೆಟ್ಟಿಗೆಯಿಂದ ತೆಗೆದದ್ದು. ಒಂದು ಮನೆಯ ಗುಂಡಿ ಒತ್ತಿದರೆ ಮೂರೂ ಮನೆಯಲ್ಲಿ ಗಿಣಿ ಕೂಗುತ್ತದೆಂದು ನನಗಾಗಲಿ ಅವರಿಗಾಗಲಿ ಮೊದಲ ದಿನ ಗೊತ್ತಾಗಲಿಲ್ಲ.

ಎರಡನೆಯ ದಿನ ಮೊದಲ ಮನೆಗೆ ಹೆಣ್ಣು ನೋಡುವವರು ಬಂದರು. ಗುಂಡಿ ಒತ್ತಿದರು. ಮೂರು ಬಾಗಿಲೂ ಒಟ್ಟಿಗೆ ತೆರೆದವು. ಮೂರು ಮನೆಯವರೂ "ಬನ್ನಿ ಬನ್ನಿ" ಎಂದರು. ನಡುವಿನ ಮನೆಯಾಕೆಯ ದನಿ ಸ್ವಲ್ಪ ಜೋರು. ಗಂಡಿನ ಕಡೆಯವರು ಅಲ್ಲಿಗೇ ನುಗ್ಗಿದರು. ಉಪ್ಪಿಟ್ಟು ತಿಂದು, ಕಾಫಿ ಕುಡಿದು, ಆ ಮನೆಯ ಹುಡುಗಿಯನ್ನು ನೋಡಿ, ಒಪ್ಪಿಗೆ ಎಂದು ಹೇಳಿದ ಮೇಲೆ ಹುಡುಗಿ ಇನ್ನೂ ಎಂಟನೇ ಕ್ಲಾಸು ಎಂದು ತಿಳಿಯಿತು.

ಮೊದಲ ಮನೆಯ ಹೆಣ್ಣಿನ ತಂದೆ ಮುಳಬಾಗಿಲಿಗೇ ಬಂದು ನನ್ನನ್ನು ಎಳೆದುಕೊಂಡು ಹೋದರು. ನಾನು ಡಬ್ಬ ಬಿಚ್ಚಿ ನೋಡಿದೆ. ಒಳಗೆ ಪುಟ್ಟ ಪಿನ್ನುಗಳಿದ್ದವು. ಅವನ್ನು ಮನೆಗೊಂದು ಥರ ಜೋಡಿಸಬೇಕು, ಇಲ್ಲದಿದ್ದರೆ ಫ್ಯಾಕ್ಟರಿಯಿಂದ ಬಂದ ಅಷ್ಟೂ ಬೆಲ್ಲುಗಳಿಗೆ ಒಂದೇ ಗುಟ್ಟು. ಎಷ್ಟು ಚೆನ್ನಾಗಿ ಮಾಡಿದ್ದಾರಲ್ಲ ಎಂದು ಖುಷಿಪಟ್ಟೆ. ಅವರಿಗೆ ಆ ಖುಷಿ ಕಾಣಲಿಲ್ಲ.

ಎರಡು ಮನೆಯ ಪಿನ್ನು ಬದಲಾಯಿಸಿ ನಡುವಿನ ಮನೆಗೆ ಹೋದರೆ ಆಕೆ ಬಾಗಿಲಿಗೆ ಅಡ್ಡ ನಿಂತರು.

"ನಮ್ದು ಮುಟ್ಬೇಡಪ್ಪ. ಅವರಿಬ್ಬರದ್ದೂ ಮೊದಲಿದ್ದ ಹಾಗೇ ಮಾಡಿಬಿಡು."

"ಯಾಕಮ್ಮಾ? ಅವರ ಮನೆಗೆ ಬಂದೋರಿಗೆಲ್ಲ ನಿಮ್ಮನೇಲಿ ಕೂಗುತ್ತೆ."

"ಅದಕ್ಕೇ ಹೇಳ್ತಿರೋದು. ಮೊದ್ಲೆಲ್ಲ ಅವರ ಮನೆಗೆ ಯಾರು ಬಂದ್ರು ಅಂತ ನೋಡಕ್ಕೆ ಕಿಟಕೀಲಿ ನಿಂತು ನಿಂತು ನನ್ನ ಕಾಲೇ ಊದ್ಕೊಂಡಿತ್ತು."

ಕೋಲಾರದ ಕುಂಕುಮ

ಕೋಲಾರದ ಪೇಟೆಯಲ್ಲಿ ಒಂದು ಜವಳಿ ಅಂಗಡಿ. ಮಾಲೀಕರು ದೈವಭಕ್ತರು, ಬೆಳಗಿನ ದೀಪ ಹಚ್ಚುವ ಮೊದಲು ಬೋಣಿಗೆಯ ಮಾತೂ ಆಡದವರು. ಷಟರ್ ಪಕ್ಕದ ಗೋಡೆಗೆ ನಂಬರ್ ಅಲಾರಂ ಹಾಕಿದೆ. ಒಂದರಿಂದ ಒಂಬತ್ತರವರೆಗೆ ಗುಂಡಿಗಳು. ಗುಟ್ಟಿನ ನಾಲ್ಕು ನಂಬರ್ ಸರಿಯಾಗಿ ಒತ್ತಿ ಷಟರ್ ಎತ್ತಬೇಕು, ಇಲ್ಲದಿದ್ದರೆ ಪೇಟೆಗೆಲ್ಲ ಕೇಳುವ ಸೈರನ್. ಆ ನಂಬರನ್ನು ನನಗೂ ಹೇಳಬೇಡಿ ಎಂದು ನಾನೇ ಬೆನ್ನು ತಿರುಗಿಸಿ ನಿಂತು ಅವರಿಂದ ಹಾಕಿಸಿದ್ದೆ. ಈ ಸಲ ಅಪ್ಪನ ಬೀಗದ ಕೈ ನನ್ನದೇ ಎಂದುಕೊಂಡು ಬಂದೆ.

ಆಯುಧಪೂಜೆ ಕಳೆದು ಎರಡು ದಿನಕ್ಕೆ ಆ ಕಡೆ ಹೋಗಿದ್ದೆ. ಅಂಗಡಿ ಇನ್ನೂ ತೆರೆದಿರಲಿಲ್ಲ. ಎದುರುಗಡೆ ಟೀ ಕುಡಿಯುತ್ತಾ ನನ್ನ ಡಬ್ಬವನ್ನು ಪ್ರೀತಿಯಿಂದ ನೋಡಿದೆ. ಒಂಬತ್ತು ಗುಂಡಿಗಳಲ್ಲಿ ನಾಲ್ಕಕ್ಕೆ ಮಾತ್ರ ಅರಿಶಿನ ಕುಂಕುಮ ಇಟ್ಟಿತ್ತು. ಹತ್ತಿರ ಹೋಗಿ ನೋಡಿದರೆ ಒಂದರದ್ದು ದೊಡ್ಡ ಬೊಟ್ಟು, ಇನ್ನೊಂದರದ್ದು ಅದಕ್ಕಿಂತ ಚಿಕ್ಕದು, ಮತ್ತೊಂದು ಇನ್ನೂ ಚಿಕ್ಕದು, ಕೊನೆಯದು ಸಾಸಿವೆಯಷ್ಟು.

ಅಷ್ಟರಲ್ಲಿ ಮಾಲೀಕರು ಬಂದರು. "ಸಾರ್, ಒಂದು ನಿಮಿಷ," ಎಂದು ದೊಡ್ಡ ಬೊಟ್ಟಿನಿಂದ ಶುರು ಮಾಡಿ ನಾಲ್ಕೂ ಗುಂಡಿ ಒತ್ತಿದೆ. ಹಸಿರು ದೀಪ ಹತ್ತಿತು. ಅವರು ಎದೆ ಹಿಡಿದುಕೊಂಡರು.

"ನಿನಗೆ ಹೆಂಗಯ್ಯಾ ಗೊತ್ತಾಯ್ತು?"

"ನೀವೇ ಬರೆದಿದ್ದೀರಲ್ಲ ಸಾರ್. ಬರೀ ನಾಲ್ಕಕ್ಕೆ ಯಾಕೆ ಪೂಜೆ ಮಾಡಿದ್ರಿ?"

"ದುಡಿಯೋ ಗುಂಡಿಗಲ್ವೇನಯ್ಯಾ ಪೂಜೆ? ಮಿಕ್ಕಿದ್ದು ವರ್ಷವೆಲ್ಲ ಸುಮ್ನೆ ಕೂತಿರ್ತವೆ."

"ದೊಡ್ಡದು ಚಿಕ್ಕದು ಯಾಕೆ?"

"ಮೊದಲು ದುಡಿಯೋದಕ್ಕೆ ಮೊದಲ ಮರ್ಯಾದೆ."

ಮುಂದಿನ ವರ್ಷ ಒಂಬತ್ತಕ್ಕೂ ಸಮನಾಗಿ ಹಚ್ಚಬೇಕೆಂದು ಕೈಮುಗಿದು ಹೇಳಿ ಬಂದೆ. ಹಾಗೇ ಮಾಡಿದರು. ಜೊತೆಗೆ ಗಂಧ, ಅಕ್ಷತೆ, ಪನ್ನೀರು. ಎಲ್ಲವೂ ಗುಂಡಿಯ ಸಂದಿಯಲ್ಲಿ ಇಳಿದು ಮರುದಿನದಿಂದ ಯಾವ ಗುಂಡಿಯೂ ಅಲ್ಲಾಡಲಿಲ್ಲ. ಮಾಲೀಕರು ಮೂರು ದಿನ ತಮ್ಮ ಅಂಗಡಿಯ ಹೊರಗೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ನಾನು ಹೋದಾಗ ಸಿಟ್ಟೇನೂ ಮಾಡಲಿಲ್ಲ. "ಈಗ ಭದ್ರವಾಗಿದೆ ಬಿಡು," ಎಂದರು.

ನಾನಿಲ್ಲ ಅಂತ ಹೇಳು

ಕಳ್ಳ ಬಂದರೆ ತಾನೇ ಫೋನ್ ಮಾಡುವ ಡಬ್ಬ ಬಂದಾಗ ಮುಳಬಾಗಿಲಿನ ಒಬ್ಬ ಔಷಧಿ ಅಂಗಡಿಯವನ ಮನೆಗೆ ಹಾಕಿದೆ. ಮನೆಗೆ ಯಾರಾದರೂ ನುಗ್ಗಿದರೆ ಅದು ಅಂಗಡಿಗೆ ಫೋನ್ ಮಾಡಿ "ಮನೆಗೆ ಕಳ್ಳ ಬಂದಿದ್ದಾನೆ, ತಕ್ಷಣ ಬನ್ನಿ" ಎನ್ನಬೇಕು. ಆ ಮಾತನ್ನು ಅವನ ದನಿಯಲ್ಲೇ ರೆಕಾರ್ಡ್ ಮಾಡಿಸಿದ್ದೆ.

ಒಂದು ಮಧ್ಯಾಹ್ನ ಕೋತಿಗಳು ಹಂಚು ಸರಿಸಿ ಒಳಗಿಳಿದವು. ಡಬ್ಬ ಫೋನ್ ಮಾಡಿತು. ಅಂಗಡಿಯಲ್ಲಿ ಅವನು ಗಿರಾಕಿಗೆ ಟಾನಿಕ್ ಕಟ್ಟಿಕೊಡುತ್ತಿದ್ದ. ಅವನ ತಾಯಿ ಫೋನ್ ಎತ್ತಿ, ಕೇಳಿ, ಬೆರಗಾಗಿ ಮಗನನ್ನು ನೋಡಿದರು.

"ಲೇ, ನಿನಗೇ ಕಣೋ ಫೋನು."

"ಯಾರಮ್ಮ ಮಾಡಿರೋದು?"

"ನೀನೇ."

ಅವನಿಗೆ ಗಿರಾಕಿಯ ಗಡಿಬಿಡಿ. ತಲೆ ಎತ್ತದೆ, ಯಾವ ಫೋನಿಗೂ ಹೇಳುವ ಮಾತನ್ನೇ ಹೇಳಿದ: "ನಾನಿಲ್ಲ ಅಂತ ಹೇಳು."

ತಾಯಿ ಫೋನಿಗೆ ಬಾಯಿ ಹಚ್ಚಿ, "ನೀನು ಇಲ್ಲಿಲ್ಲವಂತೆ ಕಣಪ್ಪಾ, ಆಮೇಲೆ ಮಾಡು," ಎಂದು ಇಟ್ಟರು. ಡಬ್ಬ ಮತ್ತೆ ಮತ್ತೆ ಮಾಡುತ್ತಲೇ ಇತ್ತು. ಅಷ್ಟೂ ಸಲವೂ ಅವರು ತಾಳ್ಮೆಯಿಂದ ಅದೇ ಉತ್ತರ ಕೊಟ್ಟರು. ಸಂಜೆ ಮನೆಗೆ ಹೋಗಿ ಬರಿದಾದ ಬಾಳೆಗೊನೆ ನೋಡಿದ ಮೇಲೆ ತಾಯಿ ಮಗನಿಗೆ ಹೇಳಿದರಂತೆ, "ಪಾಪ, ನೀನು ಅಷ್ಟು ಹೇಳಿದೆ. ನೀನೇ ಕೇಳಲಿಲ್ಲ."

ಇದು ನಮ್ಮ ಊರಲ್ಲೇ ಆದದ್ದರಿಂದ ಅಪ್ಪನಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಊಟಕ್ಕೆ ಕೂತಾಗ ಜನಿವಾರದ ಬೀಗದ ಕೈಯನ್ನು ಎರಡು ಬೆರಳಲ್ಲಿ ಹಿಡಿದು ಸುಮ್ಮನೆ ಆಡಿಸುತ್ತಾ ಸಾರು ಕಲಸಿಕೊಂಡರು.

ಬೈರಕೂರಿನ ವಾಲಗ

ಆಮೇಲೆ ಎಲ್ಲರ ಕೈಗೂ ಮೊಬೈಲು ಬಂತು, ಅದರ ಬೆನ್ನಿಗೇ ಮಿಸ್ಡ್ ಕಾಲಿನ ಸ್ಟಾರ್ಟರ್ ಬಂತು. ಪಂಪ್‌ಸೆಟ್ಟಿನ ಡಬ್ಬದೊಳಗೆ ಒಂದು ಸಿಮ್ಮು. ಆ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಮೋಟರ್ ಚಾಲೂ, ಇನ್ನೊಂದು ಕೊಟ್ಟರೆ ಬಂದ್. ಯಾರು ಕೊಟ್ಟರು ಎಂದು ಅದು ಕೇಳುವುದಿಲ್ಲ.

ಬೈರಕೂರಿನ ಟೊಮೇಟೊ ರೈತರೊಬ್ಬರಿಗೆ ಹಾಕಿಕೊಟ್ಟೆ. ತಿಂಗಳಾದ ಮೇಲೆ ಅಂಗಡಿಗೆ ಬಂದು ಒಂದು ಬುಟ್ಟಿ ಹಣ್ಣು ಇಟ್ಟರು.

"ಸಾಮೀ, ನಿನ್ನ ಡಬ್ಬ ಶಾನೆ ಒಳ್ಳೇದು. ಫೋನ್ ಮಾಡೋದೇ ಬ್ಯಾಡ, ತಾನೇ ಚಾಲೂ ಆಗ್ತೈತೆ, ತಾನೇ ನಿಲ್ತೈತೆ. ಗಂಗಮ್ಮನೇ ಒಳಗೆ ಕೂತವ್ಳೆ."

ಗಂಗಮ್ಮನನ್ನು ನೋಡುವ ಕುತೂಹಲ ತಡೆಯಲಾಗದೆ ಅವರ ಜೊತೆಗೇ ಹೋದೆ. ಸಿಮ್ಮು ತೆಗೆದು ನನ್ನ ಫೋನಿಗೆ ಹಾಕಿಕೊಂಡು ಬದುವಿನ ಮೇಲೆ ಕೂತೆ. ಹತ್ತು ನಿಮಿಷಕ್ಕೆ ಫೋನ್ ಬಂತು. "ಹಲೋ, ವಾಲಗದೋರಾ? ಭಾನುವಾರ ಖಾಲಿ ಇದ್ದೀರಾ?" ಸ್ವಲ್ಪ ಹೊತ್ತಿಗೆ ಇನ್ನೊಂದು, ತೆಲುಗಿನಲ್ಲಿ. ಅವರಿಗೂ ವಾಲಗವೇ ಬೇಕಿತ್ತು. ಆ ನಂಬರ್ ಮೊದಲು ಯಾವುದೋ ನಾದಸ್ವರದ ಮೇಳದವರದ್ದು. ಅವರು ಬಿಟ್ಟ ಮೇಲೆ ಕಂಪನಿಯವರು ಅದನ್ನೇ ಇವರಿಗೆ ಮಾರಿದ್ದರು. ಸೀಮೆಯಲ್ಲಿ ಯಾರಿಗೆ ಮದುವೆ ನಿಶ್ಚಯವಾದರೂ ಇವರ ತೋಟಕ್ಕೆ ನೀರು ಹರಿಯುತ್ತಿತ್ತು.

"ನಂಬರ್ ಬದಲಾಯಿಸ್ತೀನಿ. ಹೀಗೆ ಬಿಟ್ರೆ ಯಾರು ಬೇಕಾದ್ರೂ ನಿಮ್ಮ ಮೋಟರ್ ಆಡಿಸಬಹುದು," ಎಂದೆ.

"ಆಡಿಸ್ಲಿ ಬಿಡು ಸಾಮಿ. ನನ್ ಕೆಲಸ ಮಾಡ್ತಾವ್ರೆ, ನಿಂಗೇನು ಸಂಕಟ?"

ಹಾಗೇ ಬಿಟ್ಟು ಬಂದೆ. ಅವರು ನೀರಿನ ಚಿಂತೆಯನ್ನೇ ಮರೆತರು. ಆಷಾಢದಲ್ಲಿ ಒಂದು ದಿನ ಗಾಬರಿಯಿಂದ ಫೋನ್ ಮಾಡಿದರು.

"ಸಾಮೀ, ಗಿಡ ಎಲ್ಲಾ ಜೋತು ಬಿದ್ದವೆ. ಊರಲ್ಲಿ ಒಬ್ರಾದ್ರೂ ಮದ್ವೆ ಆಗಕ್ಕೆ ಏನ್ ರೋಗ?"

ಶ್ರೀನಿವಾಸಪುರದ ಗೃಹಪ್ರವೇಶ

ಶ್ರೀನಿವಾಸಪುರದ ಮಾವಿನ ಮಂಡಿ ಸಾಹುಕಾರರು ಹೊಸ ಮನೆ ಕಟ್ಟಿಸಿದರು. ಹಳಿಯ ಮೇಲೆ ಜಾರುವ ದೊಡ್ಡ ಗೇಟು ಫೋನಿನಿಂದಲೇ ತೆರೆಯಬೇಕು, ಸೀಮೆಯಲ್ಲಿ ಯಾರ ಮನೆಗೂ ಇರಬಾರದು ಎಂದರು. ಪೌರೋಹಿತ್ಯಕ್ಕೆ ನಮ್ಮಪ್ಪನಿಗೇ ಹೇಳಿದರು. ನನಗೆ ಎರಡೆರಡು ಹಬ್ಬ. ಅಪ್ಪನ ಕಣ್ಣೆದುರೇ ನನ್ನ ಗೇಟು ನಡೆಯುತ್ತದೆ. ಅದು ಒಂದು ದಿನ ಮರ್ಯಾದೆಯಿಂದ ನಡೆದುಕೊಂಡರೆ ಬೀಗದ ಕೈ ನನ್ನದು.

ಬೈರಕೂರಿನ ಪಾಠ ಕಲಿತಿದ್ದೆ. ಯಾರೂ ಬಳಸದ ಹೊಚ್ಚಹೊಸ ನಂಬರನ್ನೇ ತಂದು ಹಾಕಿದೆ. ಡಬ್ಬ ಮಾತ್ರ ಹಳೆಯ ಥರದ್ದೇ, ಯಾರು ರಿಂಗ್ ಕೊಟ್ಟರೂ ನಡೆಯುವಂಥದ್ದು. "ಸಾಹುಕಾರ್ರೇ, ಈ ನಂಬರೇ ನಿಮ್ಮ ಬೀಗದ ಕೈ. ಯಾರಿಗೂ ಹೇಳಬೇಡಿ," ಎಂದು ಕಿವಿಯಲ್ಲಿ ಹೇಳಿದೆ. "ನನ್ ಹೆಂಡ್ತಿಗೂ ಹೇಳಲ್ಲ," ಎಂದು ಅವರು ಮಾತು ಕೊಟ್ಟರು.

ಗೃಹಪ್ರವೇಶದ ದಿನ ಬೆಳಿಗ್ಗೆ ಅಪ್ಪ, ಅಮ್ಮ, ನಾನು ಮೂವರೂ ಮನೆಗೆ ಬೀಗ ಹಾಕಿಕೊಂಡು ಹೋದೆವು. ಗೇಟಿನ ಮುಂದೆ ಕೊಂಬಿಗೆ ಹೂ ಸುತ್ತಿದ ಹಸು, ಅದರ ಹಿಂದೆ ಪೂರ್ಣಕುಂಭ ಹಿಡಿದ ದಂಪತಿ, ಅವರ ಹಿಂದೆ ಜನ. ಅಪ್ಪ ಮುಹೂರ್ತ ನೋಡಿ "ಇನ್ನೂ ಸ್ವಲ್ಪ ಹೊತ್ತಿದೆ, ಯಾರೂ ಒಳಗೆ ಹೋಗಬೇಡಿ," ಎಂದರು. ಅಷ್ಟು ಹೇಳಿ ಮುಗಿಸುವುದಕ್ಕೂ ಗೇಟು ಗರಗರ ತೆರೆಯುವುದಕ್ಕೂ ಸರಿಹೋಯಿತು. ಹಸು ಒಳಗೆ ಹೋಯಿತು. ಗೇಟು ಮುಚ್ಚಿಕೊಂಡಿತು.

ಅಪ್ಪ ನನ್ನನ್ನು ನೋಡಿದರು. ನಾನು ಸಾಹುಕಾರರನ್ನು ನೋಡಿದೆ. ಗೇಟು ಮತ್ತೆ ತೆರೆಯಿತು. ಹಸುವಿನ ಬಾಯಲ್ಲಿ ಬಾಗಿಲಿಗೆ ಕಟ್ಟಿದ್ದ ಬಾಳೆಕಂದಿನ ಎಲೆ ಕಂಡಿತು. ಮುಚ್ಚಿತು. ತೆರೆಯಿತು. ಸಾಹುಕಾರರ ತಾಯಿ ತೆಲುಗಿನಲ್ಲಿ, "ಏಮಿರಾ ಇದಿ, ಗೇಟುಕಿ ದೆಯ್ಯಂ ಪಟ್ಟಿಂದಾ?" ಎಂದು ಕೂಗಿದರು. ಗೇಟಿಗೆ ದೆವ್ವ ಹಿಡಿದಿದೆ ಎಂದರೆ ನಂಬುವ ಸ್ಥಿತಿಯಲ್ಲೇ ಎಲ್ಲರೂ ಇದ್ದರು.

ನಾನು ಓಡಿ ಹೋಗಿ ಹೊರಗೋಡೆಯಲ್ಲಿದ್ದ ಮೇನ್ ಸ್ವಿಚ್ ತೆಗೆಸಿದೆ. ಗೇಟು ನಿಲ್ಲಲಿಲ್ಲ. ಕರೆಂಟ್ ಹೋದರೂ ನಡೆಯಬೇಕೆಂದು ನಾನೇ ಬ್ಯಾಟರಿ ಇಟ್ಟಿದ್ದೆ. ಬ್ಯಾಟರಿ ಕಾಂಪೌಂಡಿನ ಒಳಗೆ, ನಾನು ಹೊರಗೆ.

"ಸಾಹುಕಾರ್ರೇ, ನಂಬರ್ ಯಾರಿಗೆ ಹೇಳಿದ್ರಿ?"

"ದೇವರಾಣೆ ಯಾರಿಗೂ ಹೇಳಿಲ್ಲಪ್ಪ. ಕಾರ್ಡಲ್ಲಿ ಹಾಕಿಸಿದೀನಿ, ಅಷ್ಟೇ."

"ಯಾವ ಕಾರ್ಡಲ್ಲಿ?"

"ಗೃಹಪ್ರವೇಶದ ಕಾರ್ಡಲ್ಲಿ. ಮನೆಗೆ ಅಂತ ನೀನು ತಂದಿದ್ದು ಅದೊಂದೇ ನಂಬರ್ ಅಲ್ವಾ? ಮಿಕ್ಕಿದ್ದೆಲ್ಲ ಮಂಡಿ ನಂಬರು. ಶುಭಕಾರ್ಯಕ್ಕೆ ಮಂಡಿ ನಂಬರ್ ಹಾಕಿಸ್ತಾರಾ?"

ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎಲೆ ಅಡಿಕೆ ಇಟ್ಟು, ಇಡೀ ತಾಲ್ಲೂಕಿಗೆ ಮನೆ ಮನೆಗೆ ಹೋಗಿ ಬೀಗದ ಕೈ ಹಂಚಿ ಬಂದಿದ್ದರು. ನಮ್ಮ ಕಡೆಯ ನೆಂಟರ ಅಭ್ಯಾಸ ಗೊತ್ತಲ್ಲ. ಬಸ್ ಇಳಿದ ತಕ್ಷಣ 'ಬಂದ್ವಿ, ಗಾಡಿ ಕಳಿಸಿ' ಎಂಬುದಕ್ಕೆ ಒಂದು ಮಿಸ್ಡ್ ಕಾಲ್. ಗಾಡಿ ಬರಲಿಲ್ಲವೆಂದರೆ ಇನ್ನೊಂದು. ಚಿಂತಾಮಣಿಯ ಬಸ್ಸು ಆಗತಾನೇ ಬಂದಿತ್ತು, ಕೋಲಾರದ್ದು ಬರುವುದಿತ್ತು.

ಮುಹೂರ್ತ ಮೀರುತ್ತದೆಂದು ಅಪ್ಪನೇ ಧೈರ್ಯ ಮಾಡಿದರು. ಗೇಟು ತೆರೆದಾಗ ಮಂತ್ರ ಹೇಳುತ್ತಾ ಬಲಗಾಲಿಟ್ಟರು. ಅದೇ ಹೊತ್ತಿಗೆ ಕೋಲಾರದ ಬಸ್ಸು ಬಂತೆಂದು ಕಾಣುತ್ತದೆ. ಗೇಟು ಹಿಂತಿರುಗಿ ಅವರ ಶಲ್ಯದ ತುದಿ ಹಿಡಿಯಿತು. ಅಪ್ಪ ಎಳೆದರು, ಗೇಟೂ ಎಳೆಯಿತು. ಶಲ್ಯದ ಜೊತೆ ಸಿಕ್ಕಿಕೊಂಡಿದ್ದ ಜನಿವಾರ ಹರಿದು ಬೀಗದ ಕೈ ಹಳಿಯ ಮೇಲೆ ಬಿತ್ತು. ನನ್ನ ಗೇಟು ಅದರ ಮೇಲೆ ನಿಧಾನವಾಗಿ, ಪೂರ್ತಿಯಾಗಿ, ಒಂದು ಸಲ ಹೋಗಿ ಒಂದು ಸಲ ಬಂತು.

ಅಷ್ಟರಲ್ಲಿ ನಾನು ಒಳಗೆ ನುಗ್ಗಿ ಬ್ಯಾಟರಿಯ ತಂತಿ ಕಿತ್ತೆ. ಅಪ್ಪ ಬೇರೆ ಜನಿವಾರ ಹಾಕಿಕೊಂಡು ಹೋಮ ಮುಗಿಸಿದರು. ಸೊಟ್ಟಗಾದ ಬೀಗದ ಕೈಯನ್ನು ಕರವಸ್ತ್ರದಲ್ಲಿ ಕಟ್ಟಿ ಅಮ್ಮನ ಕೈಗೆ ಕೊಟ್ಟರು. ನನ್ನ ಮುಖ ನೋಡದೆ ಬಸ್ ಹತ್ತಿದರು. ಬಸ್ಸಿನಲ್ಲೂ ಬೇರೆ ಸೀಟು. ಜೀವನದಲ್ಲಿ ಮೊದಲ ಸಲ ನನಗೆ ಡಬ್ಬ ಬಿಚ್ಚಿ ನೋಡುವ ಆಸೆ ಬರಲಿಲ್ಲ. ಅಂಗಡಿಯ ಬೋರ್ಡು ಇಳಿಸಿಬಿಡೋಣ ಎಂದೇ ಮುಳಬಾಗಿಲಿನವರೆಗೂ ಯೋಚಿಸಿದೆ.

ಮನೆ ಮುಂದೆ ಬಂದು ನಿಂತೆವು. ತೆಂಗಿನಕಾಯಿ ಗಾತ್ರದ ಬೀಗ ಹಾಗೇ ತೂಗುತ್ತಿತ್ತು. ಅಪ್ಪ ಸೊಟ್ಟ ಕೈಯನ್ನು ತುರುಕಿ ನೋಡಿದರು, ಹೋಗಲಿಲ್ಲ.

"ಹೋಗು, ಕಮ್ಮಾರನ್ನ ಕರ್ಕೊಂಡು ಬಾ," ಎಂದರು. ಬೆಳಗಿನಿಂದ ನನ್ನೊಡನೆ ಆಡಿದ ಮೊದಲ ಮಾತು ಅದು. ಆಮೇಲೆ ಸ್ವಲ್ಪ ಹೆಮ್ಮೆಯಿಂದಲೇ, "ಬೇಗ ಒಡೆಯೋ ಬೀಗ ಅಲ್ಲ ಇದು, ಇಬ್ಬರು ಬೇಕಾಗುತ್ತೆ," ಎಂದರು.

ಆಗ ಪಕ್ಕದ ಮನೆಯ ದೊಡ್ಡಮ್ಮ ಹೊರಗೆ ಬಂದರು. ನಮಗೇನೂ ನೆಂಟರಲ್ಲ, ಚಿಕ್ಕಂದಿನಿಂದ ಹಾಗೆ ಕರೆದು ಅಭ್ಯಾಸ. "ಯಾಕೆ ಎಲ್ಲಾ ಹೊರಗೇ ನಿಂತಿದ್ದೀರಿ?" ಎನ್ನುತ್ತಲೇ ಸೊಂಟದಿಂದ ತಮ್ಮ ಮನೆಯ ಬೀಗದ ಕೈ ತೆಗೆದು, ನಮ್ಮ ಬೀಗಕ್ಕೆ ಹಾಕಿ, ಒಂದು ತಿರುವು ತಿರುವಿದರು. ಬೀಗ ಬಾಯಿ ಬಿಟ್ಟಿತು.

ಅಪ್ಪ ಆ ಬೀಗವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. "ಇದು... ಇದು ಹೇಗೆ ತೆಗೀತು?"

"ಎಲ್ಲರೂ ಒಂದೇ ಸಂತೇಲಿ ಒಬ್ಬನ ಹತ್ರಾನೇ ತಗೊಂಡಿದ್ದಲ್ವಾ ಶಾಸ್ತ್ರಿಗಳೇ. ಈ ಬೀದೀಲಿ ಯಾರ ಕೈ ಯಾರ ಬೀಗಕ್ಕಾದ್ರೂ ಆಗುತ್ತೆ. ಹೆಂಗಸರಿಗೆಲ್ಲ ಗೊತ್ತು."

"ಯಾವಾಗಿಂದ?"

"ಅಯ್ಯೋ, ನೀವು ತಿರುಪತಿಗೆ ಹೋದಾಗೆಲ್ಲ ತುಳಸಿಗೆ ನೀರು ಯಾರು ಹಾಕ್ತಿದ್ರು ಅಂದ್ಕೊಂಡ್ರಿ?"

ಅಮ್ಮ ಅಷ್ಟು ಹೊತ್ತಿಗೆ ಕಾಫಿಗೆ ನೀರಿಡಲು ಒಳಗೆ ಹೋಗಿಯಾಗಿತ್ತು.

ಅಪ್ಪ ಜಗಲಿಯ ಮೇಲೆ ಕೂತರು. ನನಗೆ ನಗು ಬಂದರೂ ಅವರ ಮುಖ ನೋಡಿ ತಡೆದುಕೊಂಡೆ. ಕಾಫಿ ಬಂತು, ಕುಡಿದರು. ಲೋಟ ಕೆಳಗಿಟ್ಟು, ಕರವಸ್ತ್ರ ಬಿಚ್ಚಿ, ಸೊಟ್ಟ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

"ಗೊತ್ತಿರೋರು ರಿಂಗ್ ಮಾಡಿದ್ರೆ ಮಾತ್ರ ತೆಗೆಯೋಂಥದ್ದು ಇದ್ಯೇನೋ ನಿನ್ನ ಹತ್ರ?"

"ಇದೆ ಅಪ್ಪ. ಹೊಸದು ಬಂದಿದೆ. ನಾವು ಹಾಕಿದ ನಂಬರ್ ಬಿಟ್ಟು ಬೇರೆ ಯಾರಿಗೂ ತೆಗೆಯಲ್ಲ."

"ಹಾಕು. ನನ್ನ ನಂಬರ್ ಹಾಕು, ಅಮ್ಮಂದು ಹಾಕು, ನಿಂದು ಹಾಕು."

"ಸರಿ ಅಪ್ಪ."

ಅವರು ಒಳ ಅಂಗಳದ ಕಡೆ ಕತ್ತು ತಿರುಗಿಸಿ ತುಳಸಿಯನ್ನು ನೋಡಿದರು. ಬೆಳಿಗ್ಗೆ ನಮಗೆ ಹೊರಡುವ ಗಡಿಬಿಡಿಯಲ್ಲಿ ನೀರು ಹಾಕಲು ಮರೆತಿತ್ತು. ಕಟ್ಟೆ ಒದ್ದೆಯಾಗಿತ್ತು.

"ಪಕ್ಕದ ಮನೆಯಾಕೆ ನಂಬರ್ ಮೊದಲು ಹಾಕು," ಎಂದರು.